ಟ್ರಾವೆಲರ್ ಕ್ಯಾಂಪರ್‌ನ ಆನಿಂಗ್ ಒಂದು ಮೂಲೆ ಮುಚ್ಚುತ್ತಿಲ್ಲ, ಎರಡು ಬೆರಳು ಬಾಯಿ ಬಿಡುತ್ತದೆ

ತೋಟದ ದಾರಿ | ಸೆಪ್ಟೆಂಬರ್ 4, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ಮನೆಯಿಂದ ಬರೆಯುತ್ತಿದ್ದೇನೆ. ಸ್ವಲ್ಪ ಸಹಾಯ ಬೇಕಿತ್ತು.

ನಮ್ಮದು ಟೆಂಪೋ ಟ್ರಾವೆಲರ್. ಎರಡು ವರ್ಷದ ಹಿಂದೆ ಪ್ರವಾಸದಲ್ಲಿ ಒಳಗೇ ಉಳಿಯುವ ಹಾಗೆ ಕ್ಯಾಂಪರ್ ಮಾಡಿಸಿದೆವು. ಬಾಗಿಲಿನ ಕಡೆ ಮೇಲೆ 3 ಮೀಟರ್ ಉದ್ದದ ಪೆಟ್ಟಿಗೆ ಆನಿಂಗ್ ಇದೆ, ಅಂದರೆ ಬಿಚ್ಚಿ ಸುತ್ತುವ ನೆರಳಿನ ಬಟ್ಟೆ. ಪೆಟ್ಟಿಗೆಯೊಳಗಿನ ರೋಲರ್ ಪೈಪಿಗೆ ಬಟ್ಟೆ ಸುತ್ತಿರುತ್ತದೆ, ಅದರ ಹೊರ ಅಂಚಿಗೆ ಒಂದು ಪಟ್ಟಿ, ಪಟ್ಟಿಯನ್ನು ಹೊರಗೆ ತಳ್ಳಲು ಎರಡು ಮಡಚುವ ತೋಳು, ನೆಲಕ್ಕೆ ಊರಲು ಎರಡು ಕಾಲು. ಮೋಟಾರ್ ಇಲ್ಲ. ಉದ್ದನೆಯ ಹ್ಯಾಂಡಲ್‌ನ ಕೊಕ್ಕೆಯನ್ನು ಬಳೆಗೆ ಸಿಕ್ಕಿಸಿ ತಿರುಗಿಸಬೇಕು. ಪೂರ್ತಿ ಬಿಚ್ಚಿದರೆ ಎರಡೂವರೆ ಮೀಟರ್ ಹೊರಗೆ ಬರುತ್ತದೆ.

ನಿನ್ನೆ ನಮ್ಮ ಕೊಡಗಿನ ಹಬ್ಬ ಕೈಲ್ ಮುಹೂರ್ತ. ಮನೆ ತುಂಬ ನೆಂಟರು. ಅಂಗಳದಲ್ಲಿ ಗಾಡಿ ನಿಲ್ಲಿಸಿ ಆನಿಂಗ್ ಬಿಚ್ಚಿದೆವು. ಅಮ್ಮ ಮತ್ತು ಹಿರಿಯರೆಲ್ಲ ಅದರ ಕೆಳಗೆ ಕೂತು ಊಟ ಮಾಡಿದರು. ಮೂರು ಗಂಟೆಗೆ ಮಳೆ ಬಿತ್ತು. ನಿಮಗೆಲ್ಲ ಗೊತ್ತಲ್ವಾ, ನಮ್ಮ ಕಡೆಯ ಮಳೆ. ಎರಡೂ ಕಾಲನ್ನು ಒಂದೇ ಎತ್ತರಕ್ಕೆ ನಿಲ್ಲಿಸಿದ್ದೆ. ಎಡಗಡೆ ಬಟ್ಟೆಯಲ್ಲಿ ನೀರು ನಿಂತು ದೊಡ್ಡ ಬೋಗುಣಿ ಹಾಗೆ ಆಯಿತು. ಕೋಲಿನಿಂದ ಎತ್ತಿ ಚೆಲ್ಲಿದೆವು. ಆಮೇಲೆ ಒದ್ದೆ ಇದ್ದಾಗಲೇ ಸುತ್ತಿದೆ.

ಬಲಗಡೆ ಪೆಟ್ಟಿಗೆಗೆ ಸರಿಯಾಗಿ ಕೂತಿತು. ಎಡಗಡೆ ಎರಡು ಬೆರಳು ಹೋಗುವಷ್ಟು ಸಂದು ಉಳಿಯಿತು. ಇನ್ನೂ ತಿರುಗಿಸಿದರೆ ಹ್ಯಾಂಡಲ್ ಬಿಗಿಯಾಗುತ್ತದೆ. ಆನಿಂಗ್‌ಗೆ ಎದುರಾಗಿ ನಿಂತರೆ ಎಡ ಅಂದರೆ ಗಾಡಿಯ ಮುಂಭಾಗದ ಕಡೆ. ಓಡುವಾಗ ಗಾಳಿ ನೇರವಾಗಿ ಆ ಸಂದಿಗೆ ನುಗ್ಗುತ್ತದೆ. ನಾಡಿದ್ದು ಅಮ್ಮನನ್ನು ಮಡಿಕೇರಿಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು. ಹೀಗೆ ಓಡಿಸಬಹುದಾ? ತೊಂದರೆ ಎಲ್ಲಿರಬಹುದು?

ಹೆದ್ದಾರಿ ಹಕ್ಕಿ | ಸೆಪ್ಟೆಂಬರ್ 4, ರಾತ್ರಿ 9:40

ಗೇರ್ ಹೋಗಿರುತ್ತದೆ ಅಣ್ಣ. ಹ್ಯಾಂಡಲ್ ಬಿಗಿ ಅಂದರೆ ಅದೇ. ಡ್ರಿಲ್ಲಿಂಗ್ ಮೆಷಿನ್‌ಗೆ ಕೊಕ್ಕೆ ಹಾಕಿ ಒಂದು ಸಲ ಜೋರಾಗಿ ತಿರುಗಿಸಿದರೆ ಕೂತುಬಿಡುತ್ತದೆ. ನನ್ನ ಸ್ನೇಹಿತ ಹಾಗೇ ಮಾಡುತ್ತಾನೆ.

ಕುಶಾಲನಗರ ಗ್ಯಾರೇಜ್ | ಸೆಪ್ಟೆಂಬರ್ 4, ರಾತ್ರಿ 9:58

ದಯವಿಟ್ಟು ಡ್ರಿಲ್ ಹಾಕಬೇಡಿ. ಒಳಗಿರುವುದು ವರ್ಮ್ ಗೇರ್. ಹ್ಯಾಂಡಲ್ ತುಂಬಾ ಸುತ್ತು ತಿರುಗಿದರೆ ರೋಲರ್ ಒಂದು ಸುತ್ತು ತಿರುಗುತ್ತದೆ. ಅದಕ್ಕೇ ಕೈಯಲ್ಲಿ ಹಗುರ ಅನಿಸುತ್ತದೆ, ಆದರೆ ರೋಲರ್ ಮೇಲೆ ಬೀಳುವ ಬಲ ಜಾಸ್ತಿ. ಬಲಗಡೆ ಆಗಲೇ ಪೆಟ್ಟಿಗೆಗೆ ತಾಗಿ ನಿಂತಿದೆ. ಇನ್ನೂ ತಿರುಗಿಸಿದರೆ ಹಲ್ಲು ಮುರಿಯುತ್ತದೆ, ಇಲ್ಲ ಬಟ್ಟೆ ಪಟ್ಟಿಯಿಂದ ಕಿತ್ತು ಬರುತ್ತದೆ.

ಗೇರ್ ಹೋಗಿದ್ದರೆ ಹ್ಯಾಂಡಲ್ ಜಾರುತ್ತದೆ, ಕಟಕಟ ಸದ್ದು ಬರುತ್ತದೆ. ಇವರದು ಹಾಗಿಲ್ಲ. ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ಮುಚ್ಚದಿದ್ದರೆ ನಾನು ಮೊದಲು ಬಟ್ಟೆ ನೋಡುತ್ತೇನೆ. ಗೇರ್ ಒಂದೇ, ರೋಲರ್ ಒಂದೇ. ಎರಡೂ ತುದಿ ಒಟ್ಟಿಗೇ ಸುತ್ತುತ್ತವೆ. ಹಾಗಿದ್ದೂ ಒಂದು ಬದಿ ಹಿಂದೆ ಬಿದ್ದಿದೆ ಅಂದರೆ ಅಲ್ಲಿ ಬಟ್ಟೆ ಉದ್ದ ಆಗಿದೆ, ಇಲ್ಲವೇ ಆಚೆ ಬದಿಯಲ್ಲಿ ಏನೋ ದಪ್ಪ ಸೇರಿಕೊಂಡಿದೆ.

ತೋಟದ ದಾರಿ ಸರ್, ನಾಡಿದ್ದು ಬೇರೆ ಗಾಡಿ ಸಿಗುತ್ತದಾ ನೋಡಿ. ಇದನ್ನೇ ಒಯ್ಯಬೇಕಾದರೆ ಮುಂದಿನ ಪಟ್ಟಿಯನ್ನು ಮೂರು ಕಡೆ ಕ್ಯಾರಿಯರ್‌ಗೆ ಕಟ್ಟಿ. ನೈಲಾನ್ ಹಗ್ಗ ಸಾಲದು, ಒದ್ದೆಯಾದರೆ ಸಡಿಲ ಬೀಳುತ್ತದೆ. ಲೋಡ್ ಕಟ್ಟುವ ಬೆಲ್ಟ್ ಹಾಕಿ. ಎಡ ಮೂಲೆಯ ಬೆಲ್ಟ್ ತುದಿಗೆ ಆದಷ್ಟು ಹತ್ತಿರ ಇರಲಿ.

ಸಂಪಾಜೆ ತಿರುವು | ಸೆಪ್ಟೆಂಬರ್ 4, ರಾತ್ರಿ 10:20

ನಾನು ಒಂದು ಮಾತು ಸೇರಿಸುತ್ತೇನೆ. ಕಳೆದ ಬೇಸಿಗೆಯಲ್ಲಿ ಮಡಿಕೇರಿಯಿಂದ ಸುಳ್ಯ ಕಡೆ ಇಳಿಯುವಾಗ ನಮ್ಮ ಆನಿಂಗ್ ಅರ್ಧ ಅಡಿ ಬಿಚ್ಚಿಕೊಂಡಿತು. ಹೊರಡುವಾಗ ಇದ್ದದ್ದು ಬರೀ ಒಂದು ಬೆರಳು ಸಂದು. ಎದುರಿಂದ ಬಸ್ ಬಂದಾಗ ಗಾಳಿ ಹೊಡೆಯಿತು, ಪಟ್ಟಿ ಹೊರಗೆ ಬಂತು. ಆ ರಸ್ತೆಯಲ್ಲಿ ಪಕ್ಕಕ್ಕೆ ನಿಲ್ಲಿಸಲು ಜಾಗ ಎಲ್ಲಿದೆ? ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಇವತ್ತಿಗೂ ನೆನೆದರೆ ಕೈ ನಡುಗುತ್ತದೆ. ಪೆಟ್ಟಿಗೆ ಪೂರ್ತಿ ಮುಚ್ಚದ ಗಾಡಿಯನ್ನು ನಾನಂತೂ ರಸ್ತೆಗೆ ಇಳಿಸುವುದಿಲ್ಲ.

ತೋಟದ ದಾರಿ | ಸೆಪ್ಟೆಂಬರ್ 5, ಬೆಳಿಗ್ಗೆ 6:50

ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಚಿಕ್ಕಪ್ಪನ ಜೀಪ್ ಹೇಳಿದ್ದೇನೆ. ಗಾಡಿ ಅಂಗಳದಲ್ಲೇ ಇರುತ್ತದೆ. ಈಗ ಸಮಾಧಾನವಾಗಿ ಹುಡುಕಬಹುದು. ಎಲ್ಲಿಂದ ಶುರು ಮಾಡಲಿ?

ಮಂಜಿನ ಮಡಿಕೇರಿ | ಸೆಪ್ಟೆಂಬರ್ 5, ಬೆಳಿಗ್ಗೆ 7:15

ಮೊದಲು ಪೂರ್ತಿ ಬಿಚ್ಚಿ ಒಣಗಿಸಿ. ಒದ್ದೆ ಸುತ್ತಿ ಎರಡು ದಿನ ಬಿಟ್ಟರೆ ನಮ್ಮ ಹವೆಗೆ ಬೂಷ್ಟು ಹಿಡಿಯುತ್ತದೆ. ಹೊರಗೆ ಬಿಸಿಲಿಲ್ಲದಿದ್ದರೆ ಕಾಫಿ ಗೋದಾಮು ಅಥವಾ ಶೆಡ್ ಒಳಗೆ ಗಾಡಿ ನಿಲ್ಲಿಸಿ ಬಿಚ್ಚಿಡಿ, ಒಂದು ಫ್ಯಾನ್ ಹಾಕಿ. ನಾನು ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಹಾಗೇ ಮಾಡುವುದು.

ಬಿಚ್ಚುವ ಮೊದಲು ಪೆಟ್ಟಿಗೆಯ ಎರಡೂ ತುದಿಯನ್ನು ತಟ್ಟಿ ನೋಡಿ. ಮಳೆಗಾಲ ಪೂರ್ತಿ ಮುಚ್ಚಿಟ್ಟಿದ್ದ ನಮ್ಮ ಆನಿಂಗ್‌ನ ತುದಿ ಮುಚ್ಚಳದ ಒಳಗೆ ಕಣಜ ಗೂಡು ಕಟ್ಟಿತ್ತು. ಅದೂ ಮಣ್ಣಿನ ಗೂಡು, ಕಲ್ಲಿನ ಹಾಗೆ ಗಟ್ಟಿ. ತೋಳು ಅದಕ್ಕೇ ತಾಗಿ ನಿಲ್ಲುತ್ತಿತ್ತು. ಅದನ್ನು ಕೆರೆದು ತೆಗೆದ ಮೇಲೆ ಬೇರೆ ಏನೂ ಮಾಡಬೇಕಾಗಲಿಲ್ಲ.

ಸಿಲ್ವರ್ ಓಕ್ ಎಲೆಯನ್ನೂ ನೋಡಿ. ತೋಟದಲ್ಲಿ ನಿಲ್ಲಿಸಿದ ಗಾಡಿಯ ಆನಿಂಗ್ ಮೇಲೆ ಅದು ಬೀಳದೆ ಇರುವುದಿಲ್ಲ. ಎಲೆ ಸಮೇತ ಸುತ್ತಿದರೆ ಒಳಗೆ ಒಂದೇ ಕಡೆ ಗಂಟು ಕಟ್ಟುತ್ತದೆ.

ಕುಶಾಲನಗರ ಗ್ಯಾರೇಜ್ | ಸೆಪ್ಟೆಂಬರ್ 5, ಬೆಳಿಗ್ಗೆ 8:30

ಅಕ್ಕ ಹೇಳಿದ್ದು ಸರಿ. ಒಣಗಿಸಲು ಬಿಚ್ಚಿದಾಗಲೇ ಈ ಕೆಲಸವನ್ನೂ ಮಾಡಿ.

ಬಟ್ಟೆ ರೋಲರ್‌ನ ಮೇಲಿಂದ ಇಳಿದು ಬರುತ್ತಿದೆಯಾ, ಕೆಳಗಿಂದ ಬರುತ್ತಿದೆಯಾ ನೋಡಿ. ಸಾಮಾನ್ಯವಾಗಿ ಮೇಲಿಂದ ಬರಬೇಕು. ಬಿಚ್ಚುವಾಗ ಬಟ್ಟೆ ಮುಗಿದ ಮೇಲೂ ತಿರುಗಿಸುತ್ತಾ ಹೋದರೆ ಅದು ಉಲ್ಟಾ ಸುತ್ತಲು ಶುರು ಮಾಡುತ್ತದೆ. ಹೊರಗೆ ಹೋಗಬೇಕಾದ ಪಟ್ಟಿ ಒಳಗೆ ಬರುತ್ತದೆ. ಅವಸರದಲ್ಲಿ ಹಾಗೇ ಮುಚ್ಚಲು ಹೋದರೆ ಯಾವತ್ತೂ ಕೂರುವುದಿಲ್ಲ. ಹಾಗಾಗಿದ್ದರೆ ಪುನಃ ಪೂರ್ತಿ ಬಿಚ್ಚಿ ಸರಿಯಾದ ದಿಕ್ಕಿಗೆ ಸುತ್ತಿದರೆ ಸಾಕು.

ಕಾಲುಗಳು ಪಟ್ಟಿಯ ಒಳಗೆ ಪೂರ್ತಿ ಮಡಚಿ ಕೂತಿವೆಯಾ ಅಂತಲೂ ನೋಡಿ. ಕೆಲವು ಮಾದರಿಯಲ್ಲಿ ಒಂದು ಕಾಲು ಮೊದಲು, ಇನ್ನೊಂದು ಆಮೇಲೆ ಮಡಚಬೇಕು. ತಿರುವು ಮುರುವಾದರೆ ಪಾದ ಎದ್ದು ನಿಲ್ಲುತ್ತದೆ. ನಡುವೆ ಆಸರೆಯ ಕೋಲು ಹಾಕುವ ಮಾದರಿಯಾದರೆ ಅದನ್ನು ತೆಗೆದೇ ಮುಚ್ಚಬೇಕು.

ಆಮೇಲೆ ಒಂದು ಮುಖ್ಯ ಕೆಲಸ. ಪೆಟ್ಟಿಗೆಯಿಂದ ಮುಂದಿನ ಪಟ್ಟಿಗೆ ಎಷ್ಟು ದೂರ ಅಂತ ಎಡ ತುದಿಯಲ್ಲೂ ಬಲ ತುದಿಯಲ್ಲೂ ಅಳತೆ ತೆಗೆಯಿರಿ. ಪೂರ್ತಿ ಬಿಚ್ಚಿದಾಗ ಒಮ್ಮೆ, ಅರ್ಧ ಸುತ್ತಿದಾಗ ಒಮ್ಮೆ, ಮುಚ್ಚಲು ಹತ್ತು ಸೆಂಟಿಮೀಟರ್ ಉಳಿದಾಗ ಒಮ್ಮೆ. ಎಡ ಬಲದ ವ್ಯತ್ಯಾಸ ಮೂರೂ ಸಲ ಒಂದೇ ಇದ್ದರೆ ಬಟ್ಟೆ ಹಿಗ್ಗಿದೆ, ಇಲ್ಲ ತೋಳಿನ ಬ್ರಾಕೆಟ್ ಸರಿದಿದೆ. ಸುತ್ತುತ್ತಾ ಹೋದ ಹಾಗೆ ವ್ಯತ್ಯಾಸ ಬೆಳೆದರೆ ಸುರುಳಿಯ ಒಳಗೆ ಒಂದು ಬದಿ ದಪ್ಪ ಆಗುತ್ತಿದೆ. ಈ ಅಳತೆ ಇಲ್ಲದೆ ನಾವು ಇಲ್ಲಿಂದ ಏನು ಹೇಳಿದರೂ ಸುಮ್ನೆ ಊಹೆ.

ತೋಟದ ದಾರಿ | ಸೆಪ್ಟೆಂಬರ್ 6, ಸಂಜೆ 6:05

ಇವತ್ತು ಮಧ್ಯಾಹ್ನ ಗೋದಾಮಿನ ಮುಂದೆ ಬಿಚ್ಚಿದೆ. ತಮ್ಮ ಜೊತೆಗಿದ್ದ.

ಬಟ್ಟೆ ಮೇಲಿಂದಲೇ ಬರುತ್ತಿದೆ. ಕಾಲುಗಳು ಸರಿಯಾಗಿ ಕೂತಿವೆ. ಕಣಜ ಇಲ್ಲ. ಎಲೆ ಏಳೆಂಟು ಸಿಕ್ಕಿದವು, ತೆಳ್ಳಗೆ ಚಪ್ಪಟೆಯಾಗಿದ್ದವು. ಅದರಿಂದ ಇಷ್ಟು ಆಗಲಾರದು ಅನಿಸಿತು.

ಅಳತೆ ಹೀಗಿದೆ. ಪೂರ್ತಿ ಬಿಚ್ಚಿದಾಗ ಬಲ 250 ಸೆಂ.ಮೀ., ಎಡ 251.5. ಅರ್ಧದಲ್ಲಿ ಬಲ 125, ಎಡ 127.5. ಕೊನೆಗೆ ಬಲ 10 ಇದ್ದಾಗ ಎಡ 13.5. ಅಂದರೆ ವ್ಯತ್ಯಾಸ ಮೊದಲು ಒಂದೂವರೆ, ಆಮೇಲೆ ಎರಡೂವರೆ, ಕೊನೆಗೆ ಮೂರೂವರೆ. ಮೂರು ಮೂರು ಸಲ ಅಳೆದೆವು, ಹೆಚ್ಚು ಕಡಿಮೆ ಇದೇ ಬಂತು.

ಕುಶಾಲನಗರ ಗ್ಯಾರೇಜ್ | ಸೆಪ್ಟೆಂಬರ್ 6, ರಾತ್ರಿ 8:10

ತುಂಬಾ ಒಳ್ಳೆಯ ಅಳತೆ ಸರ್. ಎರಡು ತೊಂದರೆ ಒಟ್ಟಿಗೆ ಇವೆ. ಮೊದಲಿನ ಒಂದೂವರೆ ಸೆಂಟಿಮೀಟರ್ ಬಟ್ಟೆ ಹಿಗ್ಗಿದ್ದು ಇರಬಹುದು. ಉಳಿದ ಎರಡು ಸೆಂಟಿಮೀಟರ್ ಸುತ್ತುವಾಗ ಹುಟ್ಟುತ್ತಿದೆ. ಬಲಗಡೆ ಸುರುಳಿ ದಪ್ಪ ಆಗುತ್ತಿದೆ. ದಪ್ಪ ಇರುವ ಕಡೆ ಪ್ರತಿ ಸುತ್ತಿಗೂ ಜಾಸ್ತಿ ಬಟ್ಟೆ ಎಳೆದುಕೊಳ್ಳುತ್ತದೆ, ಆ ಬದಿ ಮುಂದೆ ಹೋಗಿಬಿಡುತ್ತದೆ. ನಾವೆಲ್ಲ ಎಡಗಡೆ ಕೆಟ್ಟಿದೆ ಅಂತ ನೋಡುತ್ತಿದ್ದೆವು. ಬಲಗಡೆ, ರೋಲರ್ ಹತ್ತಿರ ಬಟ್ಟೆಯಲ್ಲಿ ಏನಾದರೂ ಇದೆಯಾ? ಮಡಿಕೆ, ಹೊಲಿಗೆ, ತೇಪೆ?

ತೋಟದ ದಾರಿ | ಸೆಪ್ಟೆಂಬರ್ 6, ರಾತ್ರಿ 8:22

ತೇಪೆ ಇದೆ! ಹೋದ ವರ್ಷ ಕೊಂಬೆ ಬಿದ್ದು ಬಲಗಡೆ ರೋಲರ್ ಹತ್ತಿರವೇ ತೂತಾಗಿತ್ತು. ರೆಕ್ಸಿನ್ ತುಂಡು ಅಂಟಿಸಿದ್ದೆ. ಹತ್ತು ಸೆಂಟಿಮೀಟರ್ ಚೌಕ ಇರಬಹುದು. ಆಗ ಚೆನ್ನಾಗೇ ಮುಚ್ಚುತ್ತಿತ್ತು. ಸ್ವಲ್ಪ ಬಿಗಿ ಇತ್ತು ಅನ್ನುವುದು ಈಗ ನೆನಪಾಗುತ್ತಿದೆ.

ಟಾರ್ಪಾಲ್ ಟೈಲರ್ | ಸೆಪ್ಟೆಂಬರ್ 6, ರಾತ್ರಿ 9:00

ಗೋಣಿಕೊಪ್ಪದಲ್ಲಿ ಟಾರ್ಪಾಲ್, ಸೀಟ್ ಕವರ್ ಹೊಲಿಯುವವನು ನಾನು. ರೆಕ್ಸಿನ್ ತೇಪೆ ಅಂಗಡಿ ಮುಂದಿನ ನೆರಳಿಗೆ, ಲಾರಿ ಹೊದಿಕೆಗೆ ಸರಿ. ಸುರುಳಿ ಸುತ್ತುವ ಬಟ್ಟೆಗೆ ಬೇಡ. ಅದರಲ್ಲೂ ರೋಲರ್ ಹತ್ತಿರ ಖಂಡಿತ ಬೇಡ. ಪಟ್ಟಿಯ ಹತ್ತಿರ ತೇಪೆ ಇದ್ದರೆ ಅದು ಕೊನೆಯ ಸುತ್ತಿಗೆ ಮಾತ್ರ ಸೇರುತ್ತದೆ. ರೋಲರ್ ಹತ್ತಿರ ಇದ್ದರೆ ಮೊದಲ ಸುತ್ತಿನಲ್ಲೇ ಒಳಗೆ ಹೋಗಿ, ಆಮೇಲಿನ ಅಷ್ಟೂ ಸುತ್ತು ಅದರ ಮೇಲೆ ಏರುತ್ತದೆ.

ರೆಕ್ಸಿನ್ ತೆಗೆಯಿರಿ. ಹೇರ್ ಡ್ರೈಯರ್ ಬಿಸಿ ತೋರಿಸಿ ಒಂದು ಮೂಲೆಯಿಂದ ನಿಧಾನ ಎಬ್ಬಿಸಿ. ಥಿನ್ನರ್, ಪೆಟ್ರೋಲ್ ಮುಟ್ಟಿಸಬೇಡಿ. ನಿಮ್ಮದು ಪಿವಿಸಿ ಬಟ್ಟೆ, ಥಿನ್ನರ್ ತಾಗಿದರೆ ಮೇಲಿನ ಪದರ ಅಂಟಂಟಾಗಿ ಹಾಳಾಗುತ್ತದೆ. ಆಮೇಲೆ ತೆಳ್ಳಗಿನ ಪಾರದರ್ಶಕ ವಿನೈಲ್ ಟೇಪ್ ಎರಡೂ ಬದಿಗೆ ಹಾಕಿ. ಮೂಲೆಗಳನ್ನು ದುಂಡಗೆ ಕತ್ತರಿಸಿ, ಇಲ್ಲದಿದ್ದರೆ ಮೂಲೆಯಿಂದಲೇ ಏಳುತ್ತದೆ. ಜಾಗ ಪೂರ್ತಿ ಒಣಗಿರಬೇಕು.

ಹೆದ್ದಾರಿ ಹಕ್ಕಿ | ಸೆಪ್ಟೆಂಬರ್ 6, ರಾತ್ರಿ 9:25

ಹಾಗಾದರೆ ಡ್ರಿಲ್ ಹಾಕಿದ್ದರೆ ಬಟ್ಟೆಯೇ ಹರಿಯುತ್ತಿತ್ತು. ನಾನು ಹೇಳಿದ್ದು ತಪ್ಪು, ಕ್ಷಮಿಸಿ. ಸ್ನೇಹಿತನಿಗೂ ಈ ಚರ್ಚೆ ಕಳಿಸಿದ್ದೇನೆ. ಒಂದು ಪ್ರಶ್ನೆ. ಹಿಗ್ಗಿದ ಎಡಬದಿಗೆ ಏನು ಮಾಡುವುದು? ಅಲ್ಲಿ ಒಂದೂವರೆ ಸೆಂಟಿಮೀಟರ್ ಕತ್ತರಿಸಿ ಹೊಲಿಯಬೇಕಾ?

ಟಾರ್ಪಾಲ್ ಟೈಲರ್ | ಸೆಪ್ಟೆಂಬರ್ 6, ರಾತ್ರಿ 9:41

ಹೊಲಿಯಲು ನನ್ನ ಹತ್ತಿರ ತಂದರೂ ನಾನು ಮೊದಲು ಬೇಡ ಅನ್ನುತ್ತೇನೆ. ಬಟ್ಟೆಯ ಅಂಚಿನಲ್ಲಿ ದಪ್ಪ ಹುರಿ ಇರುತ್ತದೆ, ಅದು ಪಟ್ಟಿಯ ಉದ್ದಕ್ಕೂ ಇರುವ ತೋಡಿನಲ್ಲಿ ಜಾರಿ ಕೂರುತ್ತದೆ. ಅದನ್ನು ಬಿಚ್ಚಿ ಓರೆಯಾಗಿ ಕತ್ತರಿಸಿ ಪುನಃ ಕೂರಿಸುವುದು ದೊಡ್ಡ ಕೆಲಸ. ಮುಂದಿನ ಮಳೆಗೆ ಇನ್ನೊಂದು ಕಡೆ ಹಿಗ್ಗಿದರೆ ಎಲ್ಲ ವ್ಯರ್ಥ.

ಕುಶಾಲನಗರ ಗ್ಯಾರೇಜ್ | ಸೆಪ್ಟೆಂಬರ್ 6, ರಾತ್ರಿ 10:15

ಕತ್ತರಿಸುವುದು ಬೇಡ. ಬಲಗಡೆ ಯಾವುದು ತೊಂದರೆ ಕೊಟ್ಟಿತೋ ಅದನ್ನೇ ಎಡಗಡೆ ಮದ್ದಾಗಿ ಬಳಸಬಹುದು. ರೋಲರ್ ಪೈಪಿನ ಎಡ ತುದಿಗೆ ತೆಳ್ಳಗೆ ಟೇಪ್ ಸುತ್ತಿದರೆ ಆ ತುದಿ ಸ್ವಲ್ಪ ದಪ್ಪ ಆಗುತ್ತದೆ. ಪ್ರತಿ ಸುತ್ತಿಗೂ ಎಡಬದಿಯ ಬಟ್ಟೆಯನ್ನು ಸ್ವಲ್ಪ ಜಾಸ್ತಿ ಎಳೆದುಕೊಳ್ಳುತ್ತದೆ. ಹಿಗ್ಗಿದ್ದು ಅಲ್ಲೇ ಸರಿಹೋಗುತ್ತದೆ.

ಎಷ್ಟು ಸುತ್ತಬೇಕು ಅನ್ನುವುದಕ್ಕೆ ಲೆಕ್ಕ ಇದೆ. ಪೈಪಿನ ಸುತ್ತಳತೆ ನೋಡಿ. ಇಂಥವುಗಳಲ್ಲಿ ಸುಮಾರು 19 ಸೆಂ.ಮೀ. ಇದ್ದರೆ, ಬಟ್ಟೆಯ ದಪ್ಪವೂ ಸೇರಿ ಎರಡೂವರೆ ಮೀಟರಿಗೆ 12 ಸುತ್ತು ಬರುತ್ತದೆ. ಟೇಪಿನ ದಪ್ಪ 0.2 ಮಿ.ಮೀ. ಅಂದುಕೊಳ್ಳಿ. ಒಂದು ಪದರ ಪೂರ್ತಿ ಸುತ್ತಿದರೆ ಸುತ್ತಳತೆ ಆ ದಪ್ಪದ ಆರರಷ್ಟಕ್ಕಿಂತ ಸ್ವಲ್ಪ ಜಾಸ್ತಿ, ಅಂದರೆ ಒಂದೂಕಾಲು ಮಿ.ಮೀ. ಬೆಳೆಯುತ್ತದೆ. ಹನ್ನೆರಡು ಸುತ್ತಿಗೆ ಹದಿನೈದು ಮಿ.ಮೀ. ನಿಮಗೆ ಬೇಕಾದ್ದು ಅಷ್ಟೇ ಅಲ್ವಾ? ಒಂದೇ ಪದರ ಸಾಕು. ಎರಡು ಹಾಕಿದರೆ ಬಲಗಡೆ ಸಂದು ಬಿಡುತ್ತದೆ.

ನಿಮ್ಮ ತೇಪೆಗೂ ಇದೇ ಲೆಕ್ಕ ಹಿಡಿಸುತ್ತದೆ. ಅಂಟು ಸೇರಿ 0.6 ಮಿ.ಮೀ. ದಪ್ಪ ಇದ್ದು, ಪೈಪಿನ ಅರ್ಧ ಸುತ್ತಿನಷ್ಟು ಉದ್ದ ಇದ್ದರೆ ಸುತ್ತಿಗೆ ಎರಡು ಮಿ.ಮೀ. ಸೇರುತ್ತದೆ. ಹತ್ತು ಹನ್ನೊಂದು ಸುತ್ತಿಗೆ ಎರಡು ಸೆಂಟಿಮೀಟರ್. ನೀವು ಅಳೆದದ್ದೂ ಅಷ್ಟೇ.

ಆದರೆ ಒಂದೊಂದಾಗಿ ಮಾಡಿ. ಮೊದಲು ತೇಪೆ ತೆಗೆದು ಸುತ್ತಿ, ಅಳತೆ ನೋಡಿ. ಆಮೇಲೆ ಟೇಪ್.

ಇನ್ನೊಂದು ಮಾತು, ಇದನ್ನು ಎಲ್ಲರೂ ಓದಬೇಕು. ತೋಳುಗಳ ಒಳಗೆ ಬಲವಾದ ಸ್ಪ್ರಿಂಗ್ ಇದೆ. ಬಟ್ಟೆ ಬಿಗಿಯಾಗಿ ನಿಲ್ಲುವುದೇ ಅದರಿಂದ. ತೋಳು ಮಡಚಿರುವಾಗ ಮುಂದಿನ ಪಟ್ಟಿಯ ಬೋಲ್ಟ್ ಬಿಚ್ಚಬೇಡಿ. ತೋಳು ಚಿಮ್ಮಿ ಬಂದರೆ ಬೆರಳು, ದವಡೆ ಏನು ಸಿಕ್ಕರೂ ಮುರಿಯುತ್ತದೆ. ನಾನು ಬಿಚ್ಚಲೇಬೇಕಾದಾಗ ತೋಳಿನ ಎರಡು ಭಾಗವನ್ನು ಬೆಲ್ಟ್‌ನಿಂದ ಸೇರಿಸಿ ಕಟ್ಟಿಯೇ ಮುಟ್ಟುತ್ತೇನೆ. ನಿಮ್ಮ ಈ ಕೆಲಸಕ್ಕೆ ಬಿಚ್ಚುವ ಅಗತ್ಯವೇ ಇಲ್ಲ.

ಕಕ್ಕಬೆ ಕ್ಯಾರವಾನ್ | ಸೆಪ್ಟೆಂಬರ್ 7, ಬೆಳಿಗ್ಗೆ 9:30

ಮಧ್ಯೆ ಬಂದದ್ದಕ್ಕೆ ಬೇಸರ ಮಾಡಬೇಡಿ. ನಮ್ಮ ಹೋಮ್‌ಸ್ಟೇಯಲ್ಲಿ ಒಂದು ಹಳೆಯ ಎಳೆಯುವ ಕ್ಯಾರವಾನ್ ಇದೆ. ಅದರ ಆನಿಂಗ್‌ಗೆ ಹ್ಯಾಂಡಲ್ ಇಲ್ಲ, ಪೆಟ್ಟಿಗೆಯೂ ಇಲ್ಲ. ರೋಲರ್ ಪೈಪೇ ಹೊರಗೆ ಬರುತ್ತದೆ. ನಡುವೆ ಒಂದು ಪಟ್ಟಿ ಹಿಡಿದು ಎಳೆಯುವುದು, ಬಿಟ್ಟರೆ ತಾನೇ ಸುತ್ತಿಕೊಳ್ಳುವುದು. ಈಗ ಅರ್ಧಕ್ಕೆ ಬಂದು ನಿಲ್ಲುತ್ತದೆ. ನಾನೂ ಟೇಪ್ ಸುತ್ತಬೇಕಾ?

ಕುಶಾಲನಗರ ಗ್ಯಾರೇಜ್ | ಸೆಪ್ಟೆಂಬರ್ 7, ಬೆಳಿಗ್ಗೆ 10:05

ನಿಮ್ಮದು ಬೇರೆ ಜಾತಿಯದು. ಪೈಪಿನ ತುದಿಗಳಲ್ಲೇ ಸ್ಪ್ರಿಂಗ್ ಇದೆ, ಅದೇ ಸುತ್ತುವುದು. ಪೈಪಿನ ತುದಿಯಲ್ಲಿ ಒಂದು ಸಣ್ಣ ಲೀವರ್ ಇರುತ್ತದೆ. ಬಿಚ್ಚಲು ಒಂದು ಕಡೆ, ಸುತ್ತಲು ಒಂದು ಕಡೆ. ಅದು ಸುತ್ತುವ ಕಡೆಗೆ ಪೂರ್ತಿ ಬಿದ್ದಿದೆಯಾ ನೋಡಿ. ಎಷ್ಟೋ ಸಲ ಅದೇ ಆಗಿರುತ್ತದೆ. ಆಮೇಲೆ ಎರಡೂ ಬದಿಯ ಅಡ್ಡ ತೋಳುಗಳ ತಿರುಪು ಸಡಿಲ ಮಾಡಿ, ತೋಳು ಕೆಳಗೆ ಜಾರಿಸಿದ್ದೀರಾ ನೋಡಿ. ಒಂದು ಬಿಗಿ ಇದ್ದರೂ ಅರ್ಧಕ್ಕೆ ನಿಲ್ಲುತ್ತದೆ. ಕ್ಯಾರವಾನ್ ಗೋಡೆಯ ಕಡೆಯ ತೋಡಿನಲ್ಲಿ ಬಟ್ಟೆ ಒಂದು ಪಕ್ಕಕ್ಕೆ ಜಾರಿದ್ದರೂ ಸುರುಳಿ ಓರೆಯಾಗಿ ತೋಳಿಗೆ ಉಜ್ಜುತ್ತದೆ. ನಡುವಿಗೆ ಎಳೆದು, ಎರಡೂ ತುದಿಗೆ ಸಣ್ಣ ಸ್ಕ್ರೂ ಹಾಕಿ ನಿಲ್ಲಿಸಬಹುದು.

ಇದೆಲ್ಲ ಸರಿ ಇದ್ದೂ ನಿಲ್ಲುತ್ತಿದ್ದರೆ ಸ್ಪ್ರಿಂಗ್ ಸೋತಿದೆ. ಅದನ್ನು ನೀವಾಗಿ ಬಿಚ್ಚಬೇಡಿ. ಎಷ್ಟು ಸುತ್ತು ಬಿಗಿ ಕೊಡಬೇಕು ಅನ್ನುವುದು ಆನಿಂಗ್‌ನ ಉದ್ದಕ್ಕೆ ತಕ್ಕಂತೆ ಕಂಪನಿಯ ಪುಸ್ತಕದಲ್ಲಿರುತ್ತದೆ. ತುದಿ ಮುಚ್ಚಳ ತೆಗೆದ ಕ್ಷಣ ಸ್ಪ್ರಿಂಗ್ ಗಿರಗಿರ ಬಿಚ್ಚಿಕೊಂಡು ಹೊಡೆಯುತ್ತದೆ. ಇಬ್ಬರು ಬೇಕು, ಹಿಡಿದು ನಿಲ್ಲಿಸಲು ಲಾಕ್ ಪ್ಲೈಯರ್ ಬೇಕು, ಮೊದಲೇ ಮಾಡಿ ಗೊತ್ತಿರುವವರು ಬೇಕು.

ಕಕ್ಕಬೆ ಕ್ಯಾರವಾನ್ | ಸೆಪ್ಟೆಂಬರ್ 7, ಮಧ್ಯಾಹ್ನ 1:15

ಬಲ ತೋಳಿನ ತಿರುಪು ತುಕ್ಕು ಹಿಡಿದು ಬಿಗಿಯಾಗಿತ್ತು! ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದೆ. ಬಿಚ್ಚಿತು, ಪೂರ್ತಿ ಸುತ್ತಿಕೊಂಡಿತು. ಬಹಳ ಉಪಕಾರ ಆಯಿತು.

ಕುಶಾಲನಗರ ಗ್ಯಾರೇಜ್ | ಸೆಪ್ಟೆಂಬರ್ 7, ಮಧ್ಯಾಹ್ನ 1:40

ಒಳ್ಳೆಯದಾಯಿತು. ಆ ಎಣ್ಣೆಯನ್ನು ಈಗ ಒರೆಸಿಬಿಡಿ, ಕೀಲುಗಳಿಗೆ ಒಣ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಗ್ರೀಸ್ ಹಚ್ಚಬೇಡಿ. ನಮ್ಮ ರಸ್ತೆಯ ಕೆಂಪು ಧೂಳು ಅದಕ್ಕೆ ಅಂಟಿ ಮರಳು ಕಾಗದದ ಹಾಗೆ ತಿನ್ನುತ್ತದೆ, ಬಟ್ಟೆಗೂ ಕಲೆ ಆಗುತ್ತದೆ.

ತೋಟದ ದಾರಿ | ಸೆಪ್ಟೆಂಬರ್ 8, ರಾತ್ರಿ 7:45

ಮೊದಲ ಭಾಗ ಮುಗಿಯಿತು. ರೆಕ್ಸಿನ್ ತೇಪೆ ತೆಗೆಯಲು ಒಂದು ಗಂಟೆ ಬೇಕಾಯಿತು. ಮನೆಯವಳು ಹೇರ್ ಡ್ರೈಯರ್ ಹಿಡಿದಳು, ನಾನು ಹಳೆಯ ಎಟಿಎಂ ಕಾರ್ಡಿನಿಂದ ಕೆರೆದೆ. ಬ್ಲೇಡ್ ಮುಟ್ಟಲು ಧೈರ್ಯ ಆಗಲಿಲ್ಲ. ತೇಪೆಯ ದಪ್ಪವನ್ನು ತಮ್ಮನ ವರ್ನಿಯರ್‌ನಲ್ಲಿ ಅಳೆದೆವು. ಅಂಟು ಸಮೇತ 0.6! ಗ್ಯಾರೇಜ್ ಸರ್, ನೀವು ನೋಡದೆ ಹೇಳಿದ್ದು ಸರಿಯಾಗಿ ಬಂತು.

ತೂತಿಗೆ ಎರಡೂ ಬದಿ ವಿನೈಲ್ ಟೇಪ್ ಹಾಕಿದೆ, ಮೂಲೆ ದುಂಡಗೆ ಮಾಡಿದೆ. ಸುತ್ತಿ ಅಳೆದರೆ ಕೊನೆಯಲ್ಲಿ ವ್ಯತ್ಯಾಸ ಮೂರೂವರೆಯಿಂದ 1.8ಕ್ಕೆ ಇಳಿದಿದೆ. ಈಗ ಎಡಗಡೆ ಒಂದು ಬೆರಳೂ ಪೂರ್ತಿ ಹೋಗುವುದಿಲ್ಲ.

ಟೇಪ್ ಸುತ್ತುವ ಮೊದಲು ಕೇಳುತ್ತೇನೆ. ನೀರು ನಿಂತು ಇಷ್ಟು ಹಿಗ್ಗುತ್ತದಾ? ಅಥವಾ ಪೆಟ್ಟಿಗೆಯೇ ಬಾಗಿರಬಹುದಾ?

ಸಂಪಾಜೆ ತಿರುವು | ಸೆಪ್ಟೆಂಬರ್ 8, ರಾತ್ರಿ 8:20

ನೀರಿನ ಭಾರವನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್, ಅಂದರೆ ಒಂದು ಕಿಲೋ. ನಿಮ್ಮ ಬಟ್ಟೆ ಏಳೂವರೆ ಚದರ ಮೀಟರ್. ಅದಷ್ಟರ ಮೇಲೆ ಬಿದ್ದದ್ದು ಹರಿದು ಒಂದೇ ಗುಂಡಿಗೆ ಸೇರುತ್ತದೆ. ಮೀಟರ್ ಅಗಲ ಮೀಟರ್ ಉದ್ದದ ಗುಂಡಿ ಸರಾಸರಿ ಐದು ಸೆಂಟಿಮೀಟರ್ ಆಳ ಇದ್ದರೆ 50 ಕಿಲೋ. ಒಂದು ಮೂಟೆ ಸಿಮೆಂಟ್ ಬಟ್ಟೆಯ ಮೇಲೆ ಇಟ್ಟ ಹಾಗೆ. ಹಿಗ್ಗದೆ ಇನ್ನೇನಾಗುತ್ತದೆ? ಕೆಳಗೆ ಕೂತವರ ಮೇಲೆ ತೋಳು ಸಮೇತ ಬೀಳದೆ ಇದ್ದದ್ದು ನಿಮ್ಮ ಹಿರಿಯರ ಪುಣ್ಯ.

ಇನ್ನು ಮುಂದೆ ಒಂದು ಕಾಲನ್ನು ಯಾವಾಗಲೂ ತಗ್ಗಿಸಿಯೇ ನಿಲ್ಲಿಸಿ. ಒಂದು ಗೇಣಿಗಿಂತ ಜಾಸ್ತಿಯೇ ತಗ್ಗಿಸಿ. ಜೋರು ಮಳೆ, ಗಾಳಿ ಬಂದರೆ ಯೋಚನೆ ಮಾಡದೆ ಸುತ್ತಿ.

ಕುಶಾಲನಗರ ಗ್ಯಾರೇಜ್ | ಸೆಪ್ಟೆಂಬರ್ 8, ರಾತ್ರಿ 8:50

ಪೆಟ್ಟಿಗೆ ಬಾಗಿದೆಯಾ ಅಂತ ನೋಡುವುದು ಸುಲಭ. ಗಾರೆ ಕೆಲಸದವರ ಹಾಗೆ ದಾರ ಹಿಡಿಯಿರಿ. ಪೆಟ್ಟಿಗೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಬಿಗಿಯಾಗಿ ಎಳೆದರೆ ನಡುವೆ ಸಂದು ಕಾಣುತ್ತದಾ ನೋಡಿ. ಮುಂದಿನ ಪಟ್ಟಿಗೂ ಹಾಗೇ. ಗೋಡೆಗೆ ಹಿಡಿದಿರುವ ಬ್ರಾಕೆಟ್‌ನ ಬೋಲ್ಟ್‌ಗಳನ್ನೂ ಸ್ಪ್ಯಾನರ್ ಹಾಕಿ ನೋಡಿ. ನಮ್ಮ ರಸ್ತೆಯ ಕುಲುಕಾಟಕ್ಕೆ ಸಡಿಲ ಆಗುವುದು ಸಾಮಾನ್ಯ. ಬೋಲ್ಟ್ ಸುತ್ತ ಸೀಲಂಟ್ ಬಿರುಕು ಬಿಟ್ಟಿದ್ದರೆ ಅದನ್ನೂ ಈಗಲೇ ಹಾಕಿ, ಇಲ್ಲದಿದ್ದರೆ ಗಾಡಿಯ ಒಳಗೆ ನೀರು ಇಳಿಯುತ್ತದೆ.

ಟಾರ್ಪಾಲ್ ಟೈಲರ್ | ಸೆಪ್ಟೆಂಬರ್ 8, ರಾತ್ರಿ 9:10

ಟೇಪ್ ಸುತ್ತುವಾಗ ಒಂದು ಸೂಕ್ಷ್ಮ. ತುದಿಯಲ್ಲಿ ಒಂದೇ ಕಡೆ ಎರಡು ಇಂಚು ಅಗಲಕ್ಕೆ ಸುತ್ತಿದರೆ ಅಲ್ಲಿ ಮೆಟ್ಟಿಲಿನ ಹಾಗೆ ಏರು ಆಗುತ್ತದೆ. ಆ ಅಂಚಿನಲ್ಲಿ ಬಟ್ಟೆಗೆ ಗೆರೆ ಬಿದ್ದು ಎರಡು ವರ್ಷದಲ್ಲಿ ಸೀಳುತ್ತದೆ. ಒಂದು ಗೇಣು ಅಗಲ ತೆಗೆದುಕೊಳ್ಳಿ. ಪಟ್ಟಿ ಪಟ್ಟಿಯಾಗಿ ಪಕ್ಕಪಕ್ಕ ಸುತ್ತಿ, ಒಂದರ ಮೇಲೊಂದು ಏರಬಾರದು. ಬಟ್ಟೆ ಕೂರುವ ಪೈಪಿನ ತೋಡಿನ ಬಾಯಿ ಮುಚ್ಚಬಾರದು. ಅದರ ಒಂದು ಅಂಚಿನಿಂದ ಶುರು ಮಾಡಿ, ಸುತ್ತು ಬಂದು ಇನ್ನೊಂದು ಅಂಚಿಗೆ ನಿಲ್ಲಿಸಿ. ಬಟ್ಟೆಯ ಟೇಪ್ ಬೇಡ, ನೀರು ಹೀರುತ್ತದೆ. ನನ್ನ ಹತ್ತಿರ ಒಳ್ಳೆಯ ವಿನೈಲ್ ಟೇಪ್ ಇದೆ, ಬಂದರೆ ಕೊಡುತ್ತೇನೆ.

ತೋಟದ ದಾರಿ | ಸೆಪ್ಟೆಂಬರ್ 13, ಸಂಜೆ 5:30

ನಾಲ್ಕು ದಿನ ಬಿಡದೆ ಮಳೆ. ಇವತ್ತು ಬೆಳಿಗ್ಗೆ ಹೊಳವಾಯಿತು.

ದಾರ ಹಿಡಿದೆವು. ಪೆಟ್ಟಿಗೆ ನೇರ ಇದೆ, ಪಟ್ಟಿಯೂ ನೇರ ಇದೆ. ಎಡಗಡೆಯ ಒಂದು ಬ್ರಾಕೆಟ್ ಬೋಲ್ಟ್ ಮಾತ್ರ ಅರ್ಧ ಸುತ್ತು ಸಡಿಲ ಇತ್ತು, ಬಿಗಿ ಮಾಡಿದೆ. ಅಲ್ಲಿ ಸೀಲಂಟ್ ಹೊಸದು ಹಾಕಿದೆ.

ಗೋಣಿಕೊಪ್ಪದಿಂದ ಟೇಪ್ ತಂದಿದ್ದೆ. ಟೈಲರ್ ಅಣ್ಣ ದುಡ್ಡು ತೆಗೆದುಕೊಳ್ಳಲು ಒಪ್ಪಲೇ ಇಲ್ಲ, ಒಂದು ಕಿಲೋ ಕಾಳುಮೆಣಸು ಕೊಟ್ಟು ಬಂದೆ. ಪೂರ್ತಿ ಬಿಚ್ಚಿ ಪೈಪ್ ಕಾಣುವಷ್ಟಕ್ಕೇ ನಿಲ್ಲಿಸಿದೆ. ತಮ್ಮ ಪಟ್ಟಿಯನ್ನು ಎತ್ತಿ ಹಿಡಿದ, ಬಟ್ಟೆ ಸಡಿಲ ಆಯಿತು. ನಾನು ಏಣಿ ಮೇಲೆ ನಿಂತು ಒಂದು ಗೇಣು ಅಗಲಕ್ಕೆ ಒಂದೇ ಪದರ ಸುತ್ತಿದೆ.

ಆಮೇಲೆ ನಿಧಾನ ತಿರುಗಿಸಿದೆ. ಅರ್ಧಕ್ಕೆ ನಿಲ್ಲಿಸಿ ಅಳೆದಾಗ ಎಡ ಬಲ ಒಂದು ಸೆಂಟಿಮೀಟರ್ ವ್ಯತ್ಯಾಸ. ಕೊನೆಗೆ ಬಲ 10, ಎಡ 10.3. ಮುಂದೆ ಹೋದೆ. ಎರಡೂ ಬದಿ ಒಟ್ಟಿಗೆ ಪೆಟ್ಟಿಗೆಯ ರಬ್ಬರಿಗೆ ತಾಗಿದವು. ಕೊನೆಯ ಅರ್ಧ ಸುತ್ತು ಬಿಗಿಯಾಗಿ ಕೂತಿತು. ಎಡ ಮೂಲೆಯಲ್ಲಿ ಈಗ ಕಾಗದವೂ ಹೋಗುವುದಿಲ್ಲ. ಮೂರು ಸಲ ಬಿಚ್ಚಿ ಮುಚ್ಚಿ ನೋಡಿದೆ. ಮೂರು ಸಲವೂ ಹಾಗೇ.

ಮಧ್ಯಾಹ್ನ ಅಮ್ಮನನ್ನು ಕೂರಿಸಿಕೊಂಡು ಭಾಗಮಂಡಲದವರೆಗೆ ಹೋಗಿ ಬಂದೆ. ದಾರಿಯಲ್ಲಿ ಎರಡು ಕಡೆ ಇಳಿದು ನೋಡಿದೆ, ಪಟ್ಟಿ ಅಲುಗಿಲ್ಲ. ಅಮ್ಮನಿಗೆ ಕಾಲು ನೋವು. ಎಲ್ಲಿ ಹೋದರೂ ನೆರಳಲ್ಲಿ ಕುರ್ಚಿ ಹಾಕಿ ಕೂರಿಸಬೇಕು. ಈ ಆನಿಂಗ್ ಹಾಕಿಸಿದ್ದೇ ಅವರಿಗಾಗಿ. ನೀವೆಲ್ಲ ಸೇರಿ ಅದನ್ನು ಉಳಿಸಿಕೊಟ್ಟಿರಿ.

ಕುಶಾಲನಗರ ಗ್ಯಾರೇಜ್ | ಸೆಪ್ಟೆಂಬರ್ 13, ಸಂಜೆ 6:15

ಬಹಳ ಖುಷಿಯಾಯಿತು ಸರ್. 3 ಮಿ.ಮೀ. ರಬ್ಬರ್ ನುಂಗುತ್ತದೆ, ಅದಕ್ಕೆ ಇನ್ನೊಂದು ಪದರ ಹಾಕಲು ಹೋಗಬೇಡಿ. ಬೇಸಿಗೆಯಲ್ಲಿ ಒಂದು ಸಲ ಅಳೆಯಿರಿ. ಪಿವಿಸಿ ಬಿಸಿಗೆ ಸ್ವಲ್ಪ ಮೆತ್ತಗಾಗುತ್ತದೆ, ಅಳತೆ ಆಚೀಚೆ ಆಗಬಹುದು.

ಮಂಜಿನ ಮಡಿಕೇರಿ | ಸೆಪ್ಟೆಂಬರ್ 13, ರಾತ್ರಿ 8:00

ಓದಿ ಮನಸ್ಸು ತುಂಬಿತು. ನಾಲ್ಕು ದಿನ ಮಳೆಯಲ್ಲಿ ಇತ್ತಲ್ಲ, ಬೂಷ್ಟು ಬಂದಿದೆಯಾ? ಬಂದಿದ್ದರೆ ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತನೆ ಬ್ರಷ್ ಸಾಕು. ಬ್ಲೀಚಿಂಗ್ ಬೇಡ. ಕಾರು ತೊಳೆಯುವ ಪ್ರೆಷರ್ ನೀರನ್ನೂ ಹತ್ತಿರದಿಂದ ಹೊಡೆಯಬೇಡಿ, ಹೊಸ ತೇಪೆ ಎದ್ದುಬಿಡುತ್ತದೆ.

ಟೇಪ್ ಮಿಕ್ಕಿದ್ದರೆ ನನಗೂ ಒಂದು ಗೇಣು ಬೇಕಿತ್ತು. ನಿಮ್ಮ ಅಳತೆ ಓದಿದ ಮೇಲೆ ನಮ್ಮದನ್ನೂ ಅಳೆದೆ. ಬಲಗಡೆ ಎಂಟು ಮಿ.ಮೀ. ಹಿಂದಿದೆ, ಪೂರ್ತಿ ಬಿಚ್ಚಿದಾಗಲೂ ಅಷ್ಟೇ.

ಕುಶಾಲನಗರ ಗ್ಯಾರೇಜ್ | ಸೆಪ್ಟೆಂಬರ್ 13, ರಾತ್ರಿ 8:12

ಅಕ್ಕ, ಎಂಟು ಮಿ.ಮೀ.ಗೆ 0.2ರ ಟೇಪ್ ಜಾಸ್ತಿ ಆಗುತ್ತದೆ. 0.1 ದಪ್ಪದ್ದು ಸಾಕು. ಅದೂ ಮೊದಲು ಬ್ರಾಕೆಟ್ ಬೋಲ್ಟ್ ನೋಡಿದ ಮೇಲೆ.

ತೋಟದ ದಾರಿ | ಸೆಪ್ಟೆಂಬರ್ 13, ರಾತ್ರಿ 8:30

ಬೂಷ್ಟು ಅಂಚಿನಲ್ಲಿ ಸ್ವಲ್ಪ ಇತ್ತು ಅಕ್ಕ, ಸೋಪಿಗೆ ಹೋಯಿತು. ಶನಿವಾರ ಮಡಿಕೇರಿಗೆ ಬರುತ್ತಿದ್ದೇನೆ. ಸ್ಪ್ಯಾನರ್ ಮತ್ತು ತಮ್ಮನ ವರ್ನಿಯರ್ ಎರಡೂ ತರುತ್ತೇನೆ. ತೆಳ್ಳಗಿನ ಟೇಪ್ ಇದೆಯಾ ಅಂತ ಟೈಲರ್ ಅಣ್ಣನನ್ನು ಕೇಳಿದ್ದೇನೆ.

ಟಾರ್ಪಾಲ್ ಟೈಲರ್ | ಸೆಪ್ಟೆಂಬರ್ 13, ರಾತ್ರಿ 8:41

ಇದೆ. ಶುಕ್ರವಾರ ಸಂಜೆ ಏಳರವರೆಗೆ ಅಂಗಡಿ ತೆರೆದಿರುತ್ತದೆ.